ಏರ್ ಫ್ರೈಯರ್‌ನಲ್ಲಿ ಗೆಣಸಿನ ಖಾರದ ಫ್ರೈಸ್: ತುದಿ ಕರಿ, ನಡು ಮೆತ್ತಗೆ. ಎಲ್ಲಿ ತಪ್ಪುತ್ತಿದ್ದೇನೆ?

ಅರೆಬೆಂದ_ಗೆಣಸು

ಎಲ್ಲರಿಗೂ ನಮಸ್ಕಾರ. ಮೂರು ಸಲ ಮಾಡಿ ಮೂರು ಸಲವೂ ಕೆಟ್ಟಮೇಲೆ ಕೇಳುತ್ತಿದ್ದೇನೆ. ಏರ್ ಫ್ರೈಯರ್ ತಂದು ಎರಡು ತಿಂಗಳಾಯಿತು. ಆಲೂಗಡ್ಡೆ ಫ್ರೈಸ್ ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ, ಗೆಣಸು ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ.

ನಾನು ಮಾಡುವುದು ಹೀಗೆ. ಎರಡು ದೊಡ್ಡ ಗೆಣಸು, ಕೇಸರಿ ತಿರುಳಿನದು, ಸುಮಾರು 600 ಗ್ರಾಂ. ಸಿಪ್ಪೆ ತೆಗೆದು ಉದ್ದುದ್ದ ಹೆಚ್ಚಿ, ತೊಳೆದು, ಎರಡು ದೊಡ್ಡ ಚಮಚ ಎಣ್ಣೆ, ಉಪ್ಪು, ಒಂದೂವರೆ ಟೀ ಚಮಚ ಅಚ್ಚಖಾರದ ಪುಡಿ, ಬೆಳ್ಳುಳ್ಳಿ ಪುಡಿ, ಜೀರಿಗೆ ಪುಡಿ ಎಲ್ಲಾ ಒಟ್ಟಿಗೆ ಹಾಕಿ ಕಲಸಿ, ಮಸಾಲೆ ಹಿಡಿಯಲಿ ಅಂತ ಹದಿನೈದು ನಿಮಿಷ ಹಾಗೇ ಬಿಟ್ಟು, ಆಮೇಲೆ 200 ಡಿಗ್ರಿಯಲ್ಲಿ 20 ನಿಮಿಷ. ಬುಟ್ಟಿ ತುಂಬಾ ಒಂದೇ ಸಲಕ್ಕೆ ಸುರಿಯುತ್ತೇನೆ, ಎರಡೆರಡು ಸಲ ಯಾರು ಕಾಯುತ್ತಾರೆ.

ಬರುವುದೇನು ಅಂದರೆ, ತುದಿಗಳು ಸುಟ್ಟು ಕರಿ, ನಡುವೆ ಮಾಗಿದ ಬಾಳೆಹಣ್ಣಿನ ಹಾಗೆ ಮೆತ್ತಗೆ, ಎತ್ತಿ ಹಿಡಿದರೆ ಬಾಗಿ ಜೋತು ಬೀಳುತ್ತದೆ. ಖಾರ ಕಹಿಯಾಗುತ್ತದೆ. ಜೊತೆಗೆ ಘಾಟು ಬೇರೆ, ಮನೆಮಂದಿಗೆಲ್ಲ ಕೆಮ್ಮು. ನಿನ್ನೆ ಮಗಳು ತಟ್ಟೆ ನೋಡಿ "ಅಮ್ಮಾ, ಇದನ್ನ ಚಮಚದಲ್ಲಿ ತಿನ್ನಬೇಕಾ?" ಅಂತ ಕೇಳಿದಳು.

ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ಖಾರ. ನನಗೆ ಬೇಕಾಗಿರುವುದು ಇಷ್ಟೇ. ಯಾರಿಗಾದರೂ ಸರಿಯಾಗಿ ಬಂದಿದ್ದರೆ ಹೇಳಿ.

ಗರಿಗರಿ_ಗಿರಾಕಿ

ಮೊದಲು ಆ ಹದಿನೈದು ನಿಮಿಷ ಬಿಡುವುದನ್ನು ಬಿಟ್ಟುಬಿಡಿ ಅಕ್ಕ. ಉಪ್ಪು ತಾಗಿದ ತಕ್ಷಣ ಗೆಣಸು ನೀರು ಬಿಡಲು ಶುರು ಮಾಡುತ್ತದೆ. ಪಾತ್ರೆಯ ತಳದಲ್ಲಿ ಕೆಂಪಗೆ ನೀರು ನಿಂತಿರುತ್ತದಲ್ವಾ? ನಿಮ್ಮ ಮಸಾಲೆ ಹೋಗಿ ಸೇರಿರುವುದು ಅಲ್ಲಿಗೆ.

ಗೆಣಸಿನ ತೂಕದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ನೀರು. ತುಂಡಿನ ಮೇಲೆ ನೀರು ಇರುವಷ್ಟು ಹೊತ್ತು ಅಲ್ಲಿ ಬಿಸಿ 100 ಡಿಗ್ರಿ ದಾಟುವುದೇ ಇಲ್ಲ, ದಾಟದೆ ಗರಿ ಬರುವುದಿಲ್ಲ. ಏರ್ ಫ್ರೈಯರ್ ಅಂದರೆ ಫ್ಯಾನ್ ಇರುವ ಸಣ್ಣ ಓವನ್, ಅಷ್ಟೇ. ಬಿಸಿಗಾಳಿ ಪ್ರತಿ ತುಂಡಿನ ಸುತ್ತ ಓಡಾಡಿ ಹಬೆಯನ್ನು ಎಳೆದುಕೊಂಡು ಹೋಗಬೇಕು. ಬುಟ್ಟಿ ತುಂಬಾ ಸುರಿದರೆ ಗಾಳಿಗೆ ದಾರಿ ಎಲ್ಲಿ? ಮೇಲಿನವು ಸುಡುತ್ತವೆ, ಕೆಳಗಿನವು ತಮ್ಮ ಹಬೆಯಲ್ಲೇ ಬೇಯುತ್ತವೆ. ನಿಮಗೆ ಆಗುತ್ತಿರುವುದೂ ಅದೇ.

ತುದಿ ಕರಿಯಾಗುವುದಕ್ಕೆ ಇನ್ನೊಂದು ಕಾರಣ ಇದೆ. ಗೆಣಸು ಎರಡೂ ಕಡೆ ಚೂಪಾಗಿರುತ್ತದೆ, ಉದ್ದಕ್ಕೆ ಹೆಚ್ಚಿದರೆ ಪ್ರತಿ ತುಂಡಿಗೂ ಪೆನ್ಸಿಲ್ ಮೊನೆಯಂಥ ತುದಿ ಬರುತ್ತದೆ. ನಡು ಬೇಯುವಷ್ಟರಲ್ಲಿ ಆ ಮೊನೆ ಸುಟ್ಟಿರುತ್ತದೆ. ನಾನು ಎರಡೂ ತುದಿ ಕತ್ತರಿಸಿ ಬೇರೆ ಯಾವುದಕ್ಕಾದರೂ ಇಟ್ಟುಕೊಂಡು, ಉಳಿದ ದಪ್ಪ ಭಾಗವನ್ನು ಮಾತ್ರ ಹೆಚ್ಚುತ್ತೇನೆ. ದಪ್ಪ 8 ಮಿಲಿಮೀಟರ್‌ನಿಂದ 1 ಸೆಂಟಿಮೀಟರ್. ಅಳತೆಪಟ್ಟಿ ಏನೂ ಬೇಡ, ಎಲ್ಲಾ ಒಂದೇ ಸಮ ಇದ್ದರೆ ಸಾಕು.

ನಾನು ಮಾಡುವುದು: ಹೆಚ್ಚಿದ್ದನ್ನು ತಣ್ಣೀರಲ್ಲಿ 30 ನಿಮಿಷ ನೆನೆಸುತ್ತೇನೆ. ನೀರು ಮಬ್ಬಾಗಿ ತಳದಲ್ಲಿ ಬಿಳಿ ಪುಡಿ ಕೂರುತ್ತದೆ, ಅದು ಪಿಷ್ಟ, ಚೆಲ್ಲಿ. ಆಮೇಲೆ ಬಟ್ಟೆಯ ಮೇಲೆ ಹರಡಿ, ಇನ್ನೊಂದು ಬಟ್ಟೆಯಿಂದ ಒತ್ತಿ ಒರೆಸಿ, ಹತ್ತು ನಿಮಿಷ ಗಾಳಿಗೆ ಬಿಡಬೇಕು. ಮುಟ್ಟಿದರೆ ಬೆರಳು ಜಾರಬಾರದು, ಕಾಗದ ಮುಟ್ಟಿದ ಹಾಗೆ ಒಣಗಿ ಒರಟಾಗಿರಬೇಕು. ನೂರಕ್ಕೆ ತೊಂಬತ್ತು ಜನ ಸೋಲುವುದು ಇಲ್ಲೇ ಅಂತ ನನ್ನ ಲೆಕ್ಕ, ಸುಮ್ನೆ ಜರಡಿಯಲ್ಲಿ ನೀರು ಬಸಿದು ಆಯ್ತು ಅಂದುಕೊಳ್ಳುತ್ತಾರೆ.

ಒಣಗಿದ ಮೇಲೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಉದುರಿಸಿ ಕುಲುಕಿ. ಎಲ್ಲಾ ತುಂಡಿಗೂ ತೆಳ್ಳಗೆ ಪೌಡರ್ ಹಚ್ಚಿದ ಹಾಗೆ ಕಾಣಬೇಕು, ಗಂಟು ಕಟ್ಟಿದ್ದರೆ ಇನ್ನೂ ಒದ್ದೆ ಇದೆ ಅಂತ ಅರ್ಥ. ಆಮೇಲೆ ಎಣ್ಣೆ, ಒಂದೇ ದೊಡ್ಡ ಚಮಚ. ಹಿಟ್ಟಿನ ಬಿಳಿ ಕಾಣದಷ್ಟು ಕಲಸಿ. ಬಿಳಿ ಉಳಿದರೆ ಬೆಂದ ಮೇಲೂ ಹಸಿ ಹಿಟ್ಟಿನ ರುಚಿ ಬರುತ್ತದೆ. ಎಣ್ಣೆಗೆ ಡಬ್ಬಿ ಸ್ಪ್ರೇ ಬೇಡ, ಅದರಲ್ಲಿರುವ ಲೆಸಿಥಿನ್ ನಾನ್‌ಸ್ಟಿಕ್ ಬುಟ್ಟಿಗೆ ಅಂಟಿಕೊಂಡು ಜಿಗುಟಾಗುತ್ತದೆ.

190 ಡಿಗ್ರಿ, 7 ನಿಮಿಷ, ಕುಲುಕಿ, ಮತ್ತೆ 5 ರಿಂದ 7 ನಿಮಿಷ. ಒಂದೇ ಪದರ, ಮಧ್ಯೆ ಮಧ್ಯೆ ಬುಟ್ಟಿಯ ತಳ ಕಾಣಬೇಕು. 600 ಗ್ರಾಂ ಅಂದರೆ ಎರಡು ಸುತ್ತು ಖಂಡಿತ ಬೇಕು. ಕೊನೆಗೆ ಎರಡೂ ಸುತ್ತಿನದನ್ನು ಒಟ್ಟಿಗೆ ಹಾಕಿ 2 ನಿಮಿಷ ಬಿಸಿ ಮಾಡಿದರೆ ಎಲ್ಲವೂ ಒಟ್ಟಿಗೆ ಗರಿಯಾಗಿ ತಟ್ಟೆಗೆ ಬರುತ್ತದೆ.

ಘಾಟಿನ_ಮನೆ

ಮೇಲೆ ಹೇಳಿದ್ದೆಲ್ಲಾ ಸರಿ, ಆದರೆ ಖಾರದ ಬಗ್ಗೆ ಏನೂ ಹೇಳಲಿಲ್ಲ. ಕೇಳಿದ್ದು ಖಾರದ ಫ್ರೈಸ್ ಅಲ್ವಾ?

ಖಾರದ ಪುಡಿ ಮೊದಲೇ ಹಾಕಬೇಡಿ. ಪುಡಿ ಅಂದರೆ ತೆಳ್ಳಗಿನ ಚೂರು. ಗೆಣಸು ಬೇಯಲು ಹದಿನೈದು ನಿಮಿಷ ಬೇಕಾದರೆ ಇದು ಸೀದುಹೋಗಲು ಅಷ್ಟೆಲ್ಲ ಬೇಡ. ಬೆಳ್ಳುಳ್ಳಿ ಪುಡಿಯ ಕತೆಯೂ ಇಷ್ಟೇ, ಕಹಿ ಬಂದಿರುವುದು ಇವೆರಡರಿಂದಲೇ. ಸಾಲದ್ದಕ್ಕೆ ಫ್ಯಾನ್ ಅದನ್ನು ಎಬ್ಬಿಸಿ ಕಾದ ಕಾಯಿಲ್ ಕಡೆಗೆ ಊದುತ್ತದೆ, ಅಲ್ಲಿಂದ ಅಡುಗೆಮನೆಗೆ. ನಾನು ಒಂದು ಸಲ ಹೀಗೆ ಮಾಡಿ ಬುಟ್ಟಿ ಎಳೆದಾಗ ಮುಖಕ್ಕೇ ಹೊಡೆದ ಘಾಟಿಗೆ ಕಣ್ಣು ಬಿಡಲಾಗದೆ ಸಿಂಕ್ ಹುಡುಕಿಕೊಂಡು ಹೋಗಿದ್ದೆ.

ಮಿರ್ಚಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಹಾಗಾಗಿ ಫ್ರೈಸ್ ಆಗುವ ಹೊತ್ತಿಗೆ ಸಣ್ಣ ಬಾಣಲೆಯಲ್ಲಿ ಎರಡು ಟೀ ಚಮಚ ಎಣ್ಣೆ ಬಿಸಿ ಮಾಡಿ, ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು ಒಂದು ಟೀ ಚಮಚ ಖಾರದ ಪುಡಿ ಹಾಕಿ. ಸಣ್ಣಗೆ ನೊರೆ ಎದ್ದು ಎಣ್ಣೆ ಕೆಂಪಾಗಬೇಕು. ಚುರ್ ಅಂದು ಕಂದು ತಿರುಗಿದರೆ ಎಣ್ಣೆ ಜಾಸ್ತಿ ಕಾದಿತ್ತು ಅಂತ, ಚೆಲ್ಲಿ ಮತ್ತೆ ಮಾಡಿ. ಬೆಳ್ಳುಳ್ಳಿ ಪುಡಿ, ಜೀರಿಗೆ ಪುಡಿ, ಸ್ವಲ್ಪ ಕಾಳುಮೆಣಸಿನ ಪುಡಿ ಎಲ್ಲಾ ಇದಕ್ಕೇ. ದೊಡ್ಡ ಬೋಗುಣಿಗೆ ಬಿಸಿ ಫ್ರೈಸ್ ಸುರಿದು, ಈ ಎಣ್ಣೆ ಹಾಕಿ, ಕೈ ಹಾಕದೆ ಬೋಗುಣಿಯನ್ನೇ ಎಗರಿಸಿ ಎಗರಿಸಿ ಕಲಸಿ. ಉಪ್ಪು ಕೊನೆಗೆ, ನುಣ್ಣಗಿನದು. ಕಲ್ಲುಪ್ಪು ತುಂಡಿಗೆ ಅಂಟದೆ ತಳಕ್ಕೆ ಬೀಳುತ್ತದೆ.

ಮೆಣಸಿನಕಾಯಿ ಎರಡು ಥರ ಬೆರೆಸಿದರೆ ಇನ್ನೂ ಒಳ್ಳೆಯದು, ಬಣ್ಣಕ್ಕೊಂದು, ಖಾರಕ್ಕೊಂದು. ಗೆಣಸಿನ ಸಿಹಿ ಖಾರವನ್ನು ನುಂಗುತ್ತದೆ, ಅದಕ್ಕೆ ಆಲೂಗಡ್ಡೆಗೆ ಹಾಕುವುದಕ್ಕಿಂತ ಒಂದು ಕೈ ಮುಂದೇ ಇರಲಿ. ನಿಂಬೆರಸ ತಟ್ಟೆಗೆ ಬಂದ ಮೇಲೆ ಮಾತ್ರ, ಅದೂ ತಿನ್ನುವವರು ಕೂತ ಮೇಲೆ.

ಸುಮ್ನೆ_ಓದ್ತೀನಿ

ಸಾಮಾನ್ಯವಾಗಿ ಓದಿ ಹೋಗುವವನು ನಾನು, ಇವತ್ತು ಬರೆಯಲೇಬೇಕು ಅನಿಸಿತು. ನೆನೆಸುವುದರ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಎರಡೂ ರೀತಿ ಅಕ್ಕಪಕ್ಕ ಮಾಡಿ ನೋಡಿದ್ದೇನೆ. ನೆನೆಸಿದ್ದು ಚೂರು ಮೇಲು, ಅರ್ಧ ಗಂಟೆ ಕಾಯುವಷ್ಟಲ್ಲ. ಒರೆಸುವುದು ಮತ್ತು ಕಾರ್ನ್‌ಫ್ಲೋರ್, ಇವೆರಡು ಬಿಟ್ಟರೆ ಮಾತ್ರ ಕೆಡುತ್ತದೆ. ಅವಸರ ಇದ್ದರೆ ನೆನೆಸುವುದನ್ನು ಬಿಡಿ, ಒರೆಸುವುದನ್ನು ಬಿಡಬೇಡಿ.

ಇನ್ನೊಂದು, ಆಲೂಗಡ್ಡೆಯ ಹಾಗೆ ಯಾಕೆ ಬರಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಇವೆರಡೂ ನೆಂಟರೇ ಅಲ್ಲ. ಆಲೂಗಡ್ಡೆ ಟೊಮೆಟೊ, ಬದನೆಯ ಕುಟುಂಬದ್ದು. ಗೆಣಸು ಮಾರ್ನಿಂಗ್ ಗ್ಲೋರಿ ಹೂಬಳ್ಳಿಯ ಕುಟುಂಬದ್ದು. ಇದರಲ್ಲಿ ಸಕ್ಕರೆ ಜಾಸ್ತಿ. ಸಾಲದು ಅಂತ ಬೇಯುವಾಗ ಇನ್ನಷ್ಟು ಸಕ್ಕರೆ ತಾನೇ ಮಾಡಿಕೊಳ್ಳುತ್ತದೆ. ಒಳಗಿರುವ ಅಮೈಲೇಸ್ ಅನ್ನುವ ಕಿಣ್ವ, ಬಿಸಿ 60 ರಿಂದ 75 ಡಿಗ್ರಿ ಆಸುಪಾಸು ಇರುವಾಗ, ಪಿಷ್ಟವನ್ನು ಒಡೆದು ಮಾಲ್ಟೋಸ್ ಅನ್ನುವ ಸಕ್ಕರೆ ಮಾಡುತ್ತದೆ. ನಿಧಾನಕ್ಕೆ ಬೆಂದ ಗೆಣಸು ಅಷ್ಟು ಸಿಹಿಯಾಗುವುದು ಇದರಿಂದಲೇ. ನಮಗೆ ಇಲ್ಲಿ ಅದು ಬೇಡ. ಗಟ್ಟಿ ಹಿಡಿಯಬೇಕಾದ ಪಿಷ್ಟ ಕರಗಿ ಸಿಹಿಯಾದರೆ ಮೆತ್ತಗಾಗುವುದೂ ಜಾಸ್ತಿ, ಮೇಲೆ ಬೇಗ ಕಂದಾಗುವುದೂ ಜಾಸ್ತಿ. ಆ 60-75 ಡಿಗ್ರಿಯನ್ನು ಬೇಗ ದಾಟಲಿ ಅಂತಲೇ ಏರ್ ಫ್ರೈಯರ್ ಮೊದಲೇ 3-4 ನಿಮಿಷ ಕಾಯಿಸಿ, ಆಮೇಲೆ ಗೆಣಸು ಹಾಕಿ.

ಬಿಳಿ ಅಥವಾ ಕೆನೆ ಬಣ್ಣದ ತಿರುಳಿನ ಗೆಣಸು ಸಿಕ್ಕಿದರೆ ಒಮ್ಮೆ ಅದರಲ್ಲಿ ಮಾಡಿ. ಸಾಮಾನ್ಯವಾಗಿ ಕೇಸರಿಗಿಂತ ಒಣ, ಹಿಟ್ಟು ಹಿಟ್ಟು, ಗರಿ ಸುಲಭ. ಹಸಿ ಗೆಣಸನ್ನು ಫ್ರಿಜ್‌ನಲ್ಲಿ ಇಡುತ್ತೀರಾ? ಇಡಬೇಡಿ. ಅಷ್ಟು ತಂಪು ಅದಕ್ಕೆ ಆಗುವುದಿಲ್ಲ, ನಡು ಗಟ್ಟಿಯಾಗಿ ಎಷ್ಟು ಬೇಯಿಸಿದರೂ ಬೇಯದ ಹಾಗೆ ಆಗುತ್ತದೆ.

ಮತ್ತೆ ಆ ಕರಿ ತುದಿ ತಿನ್ನಬೇಡಿ. ಪಿಷ್ಟದ ಪದಾರ್ಥಗಳನ್ನು 120 ಡಿಗ್ರಿಗಿಂತ ಮೇಲೆ ಕರಿದಾಗ, ಸುಟ್ಟಾಗ ಅಕ್ರಿಲಮೈಡ್ ಅನ್ನುವ, ಕ್ಯಾನ್ಸರ್ ತರಬಹುದೆಂಬ ಶಂಕೆ ಇರುವ ರಾಸಾಯನಿಕ ಹುಟ್ಟುತ್ತದೆ ಅಂತ 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಕಪ್ಪಾದಷ್ಟೂ ಜಾಸ್ತಿ. ಹೆದರಿ ತಿನ್ನುವುದನ್ನೇ ಬಿಡುವುದು ಬೇಡ, ಅಂಚು ಹೊಂಬಣ್ಣ ತಿರುಗಿದಾಗ ಹೊರಗೆ ತೆಗೆದರೆ ಆಯಿತು.

ಅರೆಬೆಂದ_ಗೆಣಸು

ಮಾಡಿದೆ! ಇವತ್ತು ಸಂಜೆ.

ನೆನೆಸಿದೆ (ಕ್ಷಮಿಸಿ ಸುಮ್ನೆ_ಓದ್ತೀನಿ, ಧೈರ್ಯ ಸಾಲಲಿಲ್ಲ), ಒರೆಸಿದೆ, ಒಣಗಿಸಿದೆ. ಕಾರ್ನ್‌ಫ್ಲೋರ್ ಮೊದಲ ಸಲ ಗಂಟು ಕಟ್ಟಿತು, ಮತ್ತೆ ಒರೆಸಿದೆ. ಆ ಕಾಗದ ಮುಟ್ಟಿದ ಹಾಗೆ ಅನ್ನುವ ಮಾತು ಆಗ ಅರ್ಥವಾಯಿತು. ಮೊದಲ ಸುತ್ತು 190ರಲ್ಲಿ 13 ನಿಮಿಷ, ಬುಟ್ಟಿ ಕುಲುಕಿದಾಗ ಸದ್ದೇ ಬೇರೆ ಇತ್ತು. ಮುಂಚೆ ಧಪ್ ಧಪ್ ಅನ್ನುತ್ತಿತ್ತು, ಇವತ್ತು ಒಣ ಕಡ್ಡಿ ಅಲ್ಲಾಡಿಸಿದ ಹಾಗೆ. ಖಾರದ ಎಣ್ಣೆ ಹಾಕಿ ಎಗರಿಸಿದೆ, ಎರಡು ತುಂಡು ಹಾರಿ ಒಲೆಯ ಹಿಂದೆ ಹೋದವು. ಯಾರೂ ಕೆಮ್ಮಲಿಲ್ಲ.

ಒಂದೇ ಬೇಜಾರು. ಎರಡನೇ ಸುತ್ತು ಆಗುವಷ್ಟರಲ್ಲಿ ಮೊದಲ ಸುತ್ತಿನದು ತಟ್ಟೆಯಲ್ಲೇ ಮೆತ್ತಗಾಯಿತು. ಗರಿ ಹತ್ತು ನಿಮಿಷವೂ ನಿಲ್ಲಲಿಲ್ಲ.

ಗರಿಗರಿ_ಗಿರಾಕಿ

ತಟ್ಟೆಯಲ್ಲಿ ಗುಡ್ಡೆ ಹಾಕಿದಿರಿ ತಾನೇ? ಒಳಗಿನ ಹಬೆ ಹೊರಗೆ ಬರುತ್ತಲೇ ಇರುತ್ತದೆ, ಅದಕ್ಕೆ ಹೋಗಲು ಜಾಗ ಬೇಕು. ತಂತಿ ಜಾಲರಿಯ ಮೇಲೆ ಹರಡಿ, ಮುಚ್ಚಬೇಡಿ. ಖಾರದ ಎಣ್ಣೆಯನ್ನೂ ಎರಡೂ ಸುತ್ತು ಮುಗಿದು ಕೊನೆಯ 2 ನಿಮಿಷದ ಬಿಸಿ ಆದ ಮೇಲೇ ಹಾಕಿ, ನೀವು ಮೊದಲ ಸುತ್ತಿಗೇ ಹಾಕಿಬಿಟ್ಟಿರಿ ಅನಿಸುತ್ತದೆ. ಏನು ಮಾಡಿದರೂ ಗೆಣಸಿನ ಗರಿ ಹತ್ತು ಹದಿನೈದು ನಿಮಿಷದ್ದೇ ಅಕ್ಕ, ಎಲ್ಲರನ್ನೂ ಮೊದಲೇ ಕೂರಿಸಿ ಆಮೇಲೆ ಬುಟ್ಟಿ ತೆಗೆಯಿರಿ.

ಅರೆಬೆಂದ_ಗೆಣಸು

ಹೌದು, ಮೊದಲ ಸುತ್ತಿಗೇ ಹಾಕಿದ್ದೆ. ಭಾನುವಾರ ಮತ್ತೆ ಮಾಡುತ್ತೇನೆ. ಅಂದ ಹಾಗೆ ಉಳಿದದ್ದನ್ನು ಬಿಸಿ ಮಾಡುವುದು ಹೇಗೆ?

ಘಾಟಿನ_ಮನೆ

180ರಲ್ಲಿ 3 ನಿಮಿಷ, ಒಂದೇ ಪದರ. ಖಾರ ಮೇಲೆ ಹಚ್ಚಿರುವುದರಿಂದ ಅದಕ್ಕಿಂತ ಜಾಸ್ತಿ ಬೇಡ, ಮತ್ತೆ ಘಾಟು ಏಳುತ್ತದೆ. ಮೈಕ್ರೋವೇವ್ ಕಡೆ ತಿರುಗಿಯೂ ನೋಡಬೇಡಿ, ಮಗಳು ಮತ್ತೆ ಚಮಚ ಕೇಳುತ್ತಾಳೆ.