ಗೋಡೆಗೆ ಔಷಧ ಹೊಡದ್ರೂ ಗುಂಗಾಡು ಸಾಯವಲ್ವು, ಹಾರಿ ಹೋಗ್ತಾವ

ಹಿನ್ನೀರು_ಬೀಳಗಿ:
ಆಲಮಟ್ಟಿ ಹಿನ್ನೀರಿನ ಕಡೆ ಊರಾಗ ಡೆಲ್ಟಾಮೆಥ್ರಿನ್ 2.5% ಪುಡಿ ಹೊಡದು ಎರಡ ವಾರ ಆತು. ಪಡಸಾಲ್ಯಾಗ ಸೊಳ್ಳೆ ಗೋಡೆಗೆ ಕುಂತ ಕೂಡಲೇ ಎದ್ದು ಕಿಟಕಿ ಕಡೆ ಹಾರತಾವ, ಸತ್ತಿದ್ದು ಕಾಣವಲ್ದು. ಔಷಧ ಹೊಡದ ದನದ ಕೊಟ್ಟಿಗ್ಯಾಗ ಮಾತ್ರ ಆರಾಮ ಕುಂತಿರತಾವ. ಸೊಳ್ಳೆಗೆ ನಿರೋಧಕ ಶಕ್ತಿ ಬಂದೈತೋ, ಹೊಡಿಯೋದ್ರಾಗ ತಪ್ಪಾಗೈತೋ?

ಕೀಟಶಾಸ್ತ್ರ_ವಿಜಯಪುರ:
ಹಾರಿ ಹೋಗ್ತಾವ ಅಂದ್ರ ಪಡಸಾಲಿ ಗೋಡ್ಯಾಗ ಔಷಧ ಐತಿ ರೀ. ಡೆಲ್ಟಾಮೆಥ್ರಿನ್ ಪೈರೆಥ್ರಾಯ್ಡ್ ಅನ್ನೋ ಗುಂಪಿನ ಔಷಧ, ಈ ಗುಂಪು ನರದ ಸೋಡಿಯಂ ದ್ವಾರ ಮುಚ್ಚಲಿಕ್ಕ ಬಿಡೂದಿಲ್ಲ. ಕಾಲಿಗೆ ಹತ್ತಿದ ಕೂಡಲೇ ನರ ಕೆರಳಿ, ಸಾಯುವಷ್ಟು ಮೈಗೆ ಏರೋ ಮೊದಲೇ ಸೊಳ್ಳೆ ಏಳತೈತಿ. ಡಿಡಿಟಿಗೂ ಈ ಗುಣ ಜೋರ, ಮೆಲಾಥಿಯಾನ್‌ಗೆ ಕಡಿಮಿ. ಹಿಂಗಾಗಿ ನೆಲದ ಮ್ಯಾಲ ಸತ್ತವನ್ನ ಎಣಿಸಿ ತೀರ್ಮಾನ ಮಾಡಬ್ಯಾಡ್ರಿ: ಕೆಲವು ಹೊರಗ ಸಾಯತಾವ, ಕೆಲವನ್ನ ಇರುವಿ ಒಯ್ಯತಾವ. ಕಿಟಕಿಗೆ ಬಲೆಯ ಪಂಜರ ಕಟ್ಟಿ, ಸಿಕ್ಕವಕ್ಕ ಸಕ್ಕರಿ ನೀರಿನ ಹತ್ತಿ ಇಟ್ಟು 24 ತಾಸು ನೋಡ್ರಿ.

ನನಗ ಚಿಂತಿ ಕೊಟ್ಟಿಗಿದು. ಮಲೇರಿಯಾ ಹರಡೋ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಹಗಲೊತ್ತು ಅಡಗೋ ಜಾಗಾನೇ ಅದು. ಆರಾಮ ಕುಂತಾವ ಅಂದ್ರ ಒಂದೋ ಗೋಡ್ಯಾಗ ಔಷಧ ಉಳಿದಿಲ್ಲ, ಇಲ್ಲಾ ಸೊಳ್ಳೆ ಬದಲಾಗೈತಿ. ಔಷಧ ತಡಕೊಳ್ಳೋ ಶಕ್ತಿ ಕೊಡೋ ಕೆಡಿಆರ್ ಅನ್ನೋ ಜೀನ್ ಬದಲಾವಣೆ ಇದ್ದವು ಕೆರಳೋದೂ ಕಡಿಮಿ.

ಪಂಪ್_ಮೇಲ್ವಿಚಾರಣೆ:
ಕೊಟ್ಟಿಗಿ ಗೋಡೆ ಆಮ್ಯಾಲ ಸಾರಿಸ್ಯಾರೇನು? ಸಗಣಿ ಲೇಪ ಔಷಧಾನ ಮುಚ್ಚಿಬಿಡತೈತಿ. ಸುಣ್ಣದ ಕ್ಷಾರ ಅದನ್ನ ಒಡಿತೈತಿ. ಮಣ್ಣಿನ ಗೋಡೆ ತಾನೇ ಒಂದಿಷ್ಟು ಒಳಗ ಎಳಕೋತೈತಿ.

ಅಳತಿ: 400 ಗ್ರಾಂ ಪುಡಿ, 10 ಲೀಟರ್ ನೀರು, 500 ಚದರ ಮೀಟರ್ ಗೋಡೆ. ಅಂದ್ರ ಚದರ ಮೀಟರಿಗೆ ಅಸಲಿ ಡೆಲ್ಟಾಮೆಥ್ರಿನ್ 20 ಮಿಲಿಗ್ರಾಂ. ಮೊದಲು ಸ್ವಲ್ಪ ನೀರಾಗ ಹಿಟ್ಟಿನಂಗ ಕಲಿಸಿ, ಉಳಿದ ನೀರು ಹಾಕಿ, ಬಟ್ಟೀಲೆ ಸೋಸ್ರಿ. ಈ ಪುಡಿ ನೀರಾಗ ಕರಗೂದಿಲ್ಲ, ತಳಕ್ಕ ಕೂಡತೈತಿ. ಬಕೆಟ್ ಕಲಕತಿರದಿದ್ರ ಒಂದ ಮನಿಗೆ ಬರೇ ನೀರು, ಮತ್ತೊಂದಕ್ಕ ಗಟ್ಟಿ ಔಷಧ. ನಾಜಲ್ ಗೋಡೆಯಿಂದ 45 ಸೆಂ.ಮೀ. ದೂರ ಇರಬೇಕು, ನಿಮಿಷಕ್ಕ 740–850 ಮಿ.ಲೀ. ಬೀಳಬೇಕು. ತೂತು ಸವೆದ ನಾಜಲ್ ಆದ್ರ ಔಷಧ ಗೋಡೆ ಮ್ಯಾಲ ಹರದು ಇಳಿತೈತಿ. ಅಂಥದ್ದನ್ನ ಒಗೀರಿ.

ಹಿನ್ನೀರು_ಬೀಳಗಿ:
ಹೌದ್ರೀ, ಪಂಚಮಿ ಅಂತ ಕೊಟ್ಟಿಗಿ ಸಾರಿಸ್ಯಾರ. ನಿರೋಧಕ ಶಕ್ತಿ ಇಲ್ಲ ಅಂತ ಖಾತ್ರಿ ಮಾಡೋದು ಹೆಂಗ?

ಕೀಟಶಾಸ್ತ್ರ_ವಿಜಯಪುರ:
ಸಾರಿಸಿದ ಗೋಡೆ ನೋಡಿ ಏನೂ ಹೇಳಾಕ ಬರೂದಿಲ್ಲ, ಪರೀಕ್ಷೆ ಬೇರೆ ಮಾಡಸ್ರಿ. ಅದೇ ಊರಿನ ಲಾರ್ವಾ ತಂದು ಬೆಳೆಸಿ, 3–5 ದಿನದ, ರಕ್ತ ಕುಡಿಯದ ಹೆಣ್ಣು ಸೊಳ್ಳೆ ತಗೋಬೇಕು. ಒಂದೊಂದು ಕೊಳವೆಗೆ 20–25ರಂಗ ನಾಕು ಕೊಳವೆ, ಔಷಧ ಇಲ್ಲದ ಎರಡು. 0.05% ಡೆಲ್ಟಾಮೆಥ್ರಿನ್ ಕಾಗದದ ಜೋಡಿ ಒಂದ ತಾಸು, ಆಮ್ಯಾಲ 24 ತಾಸು ಕಾಯೋದು. ತಾಸಿನ ಕೊನಿಗೆ ಬಿದ್ದವನ್ನ ಸತ್ತಾವ ಅಂತ ಬರಕೋಬ್ಯಾಡ್ರಿ, ಎಷ್ಟೋ ಮತ್ತ ಏಳತಾವ. ನೂರಕ್ಕ 98 ಮತ್ತ ಮ್ಯಾಲ ಸತ್ತರ ನಿರೋಧಕ ಶಕ್ತಿ ಇಲ್ಲ. 90–97 ಇದ್ರ ಸಂಶಯ, ಮತ್ತೊಮ್ಮೆ ಮಾಡಬೇಕು. 90ಕ್ಕಿಂತ ಕಡಿಮಿ ಬಂದ್ರ ಔಷಧದ ಗುಂಪನ್ನೇ ಬದಲಿಸಬೇಕು. ಆಲ್ಫಾಸೈಪರ್‌ಮೆಥ್ರಿನ್ ಕೊಡ್ತೀವಿ ಅಂದ್ರ ಒಪ್ಪಬ್ಯಾಡ್ರಿ, ಅದೂ ಇದೇ ಗುಂಪಿಂದು.