ಸಹಾಯ ಬೇಕು: ಹಳೇ ಫ್ರೆಂಚ್ ಗಡಿಯಾರದ ರೇಷ್ಮೆ ದಾರ ತುಂಡಾಗಿದೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಫ್ರಾನ್ಸಿನ ಲಿಯೋನ್‌ನಲ್ಲಿ. ಹೋದ ತಿಂಗಳು ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಗಡಿಯಾರ ಕೊಂಡೆ. ಬೆಂಕಿಗೂಡಿನ ಮೇಲಿನ ಕಟ್ಟೆಯಲ್ಲಿ ಇಡುತ್ತಾರಲ್ಲ, ಅಂಥದ್ದು. ಮೈಯೆಲ್ಲ ಚಿನ್ನದ ಬಣ್ಣ. ಪಕ್ಕದಲ್ಲಿ ಒರಗಿ ನಿಂತ ಹೆಂಗಸಿನ ಕಾಲುಗುರು ಕೂಡ ಬಿಡಿಸಿದಂತೆ ಕಾಣುತ್ತದೆ.

ಲೋಲಕ ನೇತಾಡುವುದು ರೇಷ್ಮೆ ದಾರದ ಕುಣಿಕೆಯಲ್ಲಿ. ಅದೇ ಈಗ ತುಂಡಾಗಿದೆ. ದಾರದ ಬದಲು ಲೋಲಕ ನೇತುಹಾಕುವ ಸ್ಪ್ರಿಂಗ್ ಪಟ್ಟಿ, ಫ್ರೆಂಚ್ ಗಡಿಯಾರ ತಯಾರಕ ಬ್ರೊಕೊ ಅವರದ್ದು, ಬಂದದ್ದು 1840ರ ಸುಮಾರಿಗೆ. ಅದಕ್ಕೂ ಮುಂಚಿನ ಫ್ರೆಂಚ್ ಗಡಿಯಾರಗಳಲ್ಲಿ ಜಾಸ್ತಿ ದಾರವೇ. ಅಮ್ಮನಿಗೆ ಹೇಳಿದರೆ, "ಸೀರೆ ಕುಚ್ಚಿನ ದಾರ ಕಳಿಸ್ಲಾ?" ಅಂದರು. ನಗಬೇಡಿ, ನಾನು ನಿಜಕ್ಕೂ ಯೋಚನೆ ಮಾಡ್ತಿದ್ದೀನಿ! ಎಷ್ಟು ದಪ್ಪದ ದಾರ ಬೇಕು? ಹಿಂದಿನ ಪುಟ್ಟ ಕಡ್ಡಿಗೆ ಸುತ್ತಿ ಉದ್ದ ಹೊಂದಿಸುವುದು ಹೇಗೆ?

ಇನ್ನೊಂದು. ನಾಲ್ಕು ಗಂಟೆಗೆ ಏಳು ಸಲ ಹೊಡೆಯುತ್ತಿತ್ತು. ಹಿಂದೆ ಏರುಪೇರಾಗಿ ಕಚ್ಚು ಕೊರೆದ ಚಕ್ರವಿದೆ, ಹೊಡೆತ ಎಣಿಸುವುದು ಅದೇ. ಅದರ ಸನ್ನೆ ಎತ್ತಿ ಸರಿ ಮಾಡಬಹುದಾ?

ತಳದಲ್ಲಿ ಸ್ವಲ್ಪ ಗೀರಿ ನೋಡಿದೆ, ಒಳಗೆ ಹಳದಿ ಲೋಹ. ಬೂದು ಬಣ್ಣ ಬಂದಿದ್ದರೆ ಸತುವಿನ ಎರಕ. ಹಾಗಾಗಿ ಕಂಚೇ ಅಂದುಕೊಂಡಿದ್ದೇನೆ. ಹುಣಸೆಹಣ್ಣು ಹಾಕಿ ಉಜ್ಜಿ ಅಂತ ಮಾತ್ರ ಹೇಳಬೇಡಿ. ಪಾದರಸದಲ್ಲಿ ಚಿನ್ನ ಕಲಸಿ ಬಳಿದು, ಕಾಯಿಸಿ ಕೂರಿಸಿದ ತೆಳು ಪದರ ಇದ್ದರೆ ಎದ್ದು ಹೋಗುತ್ತದೆ.

ಇಂಥದ್ದನ್ನು ಕೈಯಾರೆ ರಿಪೇರಿ ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ಫೋಟೋ ಬೇಕಾದರೆ ಹಾಕುತ್ತೇನೆ.