ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದರೆ ಹಾರ್ಡ್ ಡಿಸ್ಕ್ ಸೆಟ್ಟಿಂಗ್ ಹೋಗಿಬಿಡುತ್ತದೆ

ಗುಬ್ಬಿಗೂಡು
ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದೇನೆ, 500 ಜಿಬಿ ಹಾರ್ಡ್ ಡಿಸ್ಕ್. ಸುಮ್ನೆ ಏನಾದರೂ ಓದುತ್ತಾ ಕೂತರೆ ಹತ್ತು ಸೆಕೆಂಡಿಗೊಂದು ಸಲ ಒಳಗಿಂದ ಟಿಕ್ ಅನ್ನುತ್ತದೆ, ಗೋಡೆ ಮೇಲೆ ಹಲ್ಲಿ ಲೊಚಗುಟ್ಟಿದ ಹಾಗೆ. ಟರ್ಮಿನಲ್‌ನಲ್ಲಿ ಡಿಸ್ಕಿನ ಸೆಟ್ಟಿಂಗ್ ಬದಲಿಸುವ ಎಚ್‌ಡಿಪಾರ್ಮ್ ಕಮಾಂಡಿಗೆ ಬಿ ಆಪ್ಷನ್ 254 ಅಂತ ಕೊಟ್ಟರೆ ಸದ್ದು ನಿಲ್ಲುತ್ತದೆ. ಆದರೆ ಬೆಳಗ್ಗೆ ಮತ್ತೆ ಆನ್ ಮಾಡಿದರೆ ಅದೇ ಟಿಕ್ ಟಿಕ್. ಯಾವುದೋ ಹಳೇ ಪೋಸ್ಟ್ ನೋಡಿ, ಆನ್ ಆಗುವಾಗ ತಾನೇ ಓಡುವ ಆರ್‌ಸಿ ಡಾಟ್ ಲೋಕಲ್ ಫೈಲ್ ಮಾಡಿ ಕೊನೆಗೆ ಈ ಸಾಲು ಸೇರಿಸಿದೆ. ಏನೂ ಆಗಲಿಲ್ಲ. ದಿನಾ ಕೈಯಿಂದಲೇ ಟೈಪ್ ಮಾಡಬೇಕಾ?

ಕಾಫಿಪುಡಿ
ಕೊನೆಗೆ ಅಂದರೆ "ಎಕ್ಸಿಟ್ 0" ಅನ್ನೋ ಸಾಲಿನ ಕೆಳಗಾ? ಹಾಗಿದ್ದರೆ ಅದು ಓಡುವುದೇ ಇಲ್ಲ, ಅಲ್ಲಿಗೇ ಮುಗಿಯುತ್ತದೆ. ಇನ್ನೊಂದು, ಆ ಫೈಲಿಗೆ ಎಕ್ಸಿಕ್ಯೂಟ್ ಪರ್ಮಿಷನ್ ಕೊಟ್ಟಿರಬೇಕು, ಇಲ್ಲದಿದ್ದರೆ ಆನ್ ಆಗುವಾಗ ಎಲ್ಲವನ್ನೂ ಶುರು ಮಾಡುವ ಸಿಸ್ಟಮ್‌ಡಿ ಅದನ್ನು ತಿರುಗಿಯೂ ನೋಡುವುದಿಲ್ಲ.

ಆದರೆ ಅದನ್ನು ಬಿಡಿ. ಉಬುಂಟು, ಮಿಂಟ್, ಡೆಬಿಯನ್‌ನಲ್ಲಿ ಇದಕ್ಕೆಂದೇ ಇಟಿಸಿ ಫೋಲ್ಡರಿನಲ್ಲಿ ಎಚ್‌ಡಿಪಾರ್ಮ್ ಡಾಟ್ ಕಾನ್ಫ್ ಅಂತ ಒಂದು ಫೈಲ್ ಇದೆ. ಅದರ ಕೊನೆಯಲ್ಲಿ ಡಿಸ್ಕಿನ ಹೆಸರು ಬರೆದು, ಹೂ ಬ್ರಾಕೆಟ್ ತೆರೆದು, ಒಳಗೆ ಎಪಿಎಮ್ ಸಮ 254 ಅಂತ ಹಾಕಿ ಮುಚ್ಚಿ. ಎಪಿಎಮ್ ಅಂದರೆ ಡಿಸ್ಕಿನ ಕರೆಂಟ್ ಉಳಿತಾಯದ ಸೆಟ್ಟಿಂಗ್, ನಿಮ್ಮ ಬಿ ಆಪ್ಷನ್ ಬದಲಿಸುವುದೂ ಅದನ್ನೇ. ಡಿಸ್ಕ್ ಕಾಣಿಸಿಕೊಂಡ ತಕ್ಷಣ, ಡಿಸ್ಕು ಗಿಸ್ಕು ಗುರುತಿಸುವ ಯೂಡೆವ್ ಅದನ್ನು ಓದಿ ಹಾಕುತ್ತದೆ. ಸಾಲಿನ ಮುಂದೆ ಹ್ಯಾಷ್ ಗುರುತು ಇದ್ದರೆ ತೆಗೆಯಿರಿ, ಅದಿದ್ದರೆ ಆ ಸಾಲನ್ನು ಓದುವುದಿಲ್ಲ, ನಾನು ಅದನ್ನು ಮರೆತು ಅರ್ಧ ದಿನ ಕಳೆದಿದ್ದೇನೆ. ಡಿಸ್ಕಿಗೆ ಎಸ್‌ಡಿಎ ಅನ್ನೋ ಚಿಕ್ಕ ಹೆಸರು ಬರೆಯಬೇಡಿ. ಪೆನ್‌ಡ್ರೈವ್ ಚುಚ್ಚಿಕೊಂಡು ಆನ್ ಮಾಡಿದ ದಿನ ಎಸ್‌ಡಿಎ ಯಾರು ಎಸ್‌ಡಿಬಿ ಯಾರು ಅನ್ನೋದು ಅದಲುಬದಲಾಗಬಹುದು. ಡೆವ್ ಒಳಗೆ ಡಿಸ್ಕ್, ಅದರೊಳಗೆ ಬೈ-ಐಡಿ ಅಂತ ಫೋಲ್ಡರ್ ಇದೆ, ಮಾಡೆಲ್ಲು ಸೀರಿಯಲ್ಲು ಇರುವ ಉದ್ದ ಹೆಸರು ಅಲ್ಲಿ ಸಿಗುತ್ತದೆ. ಅದನ್ನೇ ಹಾಕಿ.

ಸಂಜೆಮಳೆ
ಟರ್ಮಿನಲ್ ಯಾಕೆ ಬೇಕು? ಮಿಂಟ್‌ನಲ್ಲಿ ಡಿಸ್ಕ್ಸ್ ಅಂತ ಆಪ್ ಇದೆಯಲ್ಲ, ಅದರ ಮೆನುವಿನಲ್ಲಿ ಡ್ರೈವ್ ಸೆಟ್ಟಿಂಗ್ಸ್ ತೆರೆದರೆ ಎಪಿಎಮ್ ಎಳೆಯುವ ಗೆರೆಯೇ ಸಿಗುತ್ತದೆ. ಅಲ್ಲಿ ಇಟ್ಟಿದ್ದು ಮುಂದಿನ ಸಲ ಆನ್ ಮಾಡಿದಾಗಲೂ ಇರುತ್ತದೆ. ಎರಡೂ ಕಡೆ ಬೇರೆ ಬೇರೆ ನಂಬರ್ ಮಾತ್ರ ಇಡಬೇಡಿ, ಯಾವುದು ಗೆದ್ದಿತು ಅಂತ ಹುಡುಕುತ್ತಾ ತಲೆ ಕೆಡುತ್ತದೆ.

ಹಳೇಗಡಿಯಾರ
ಆ ಟಿಕ್ ಅಂದರೆ ಡಿಸ್ಕಿನ ತಟ್ಟೆ ಓದುವ ಹೆಡ್ ಪಕ್ಕಕ್ಕೆ ಸರಿದು ಪಾರ್ಕ್ ಆಗೋದು. ಕರೆಂಟ್ ಉಳಿಯಲಿ, ಲ್ಯಾಪ್‌ಟಾಪ್ ಅಲುಗಾಡಿದರೆ ತಟ್ಟೆಗೆ ಗೀರು ಬೀಳದಿರಲಿ ಅಂತ ಮಾಡಿದ್ದು. ಹಾಗಾಗಿ 254 ಇಟ್ಟ ಮೇಲೆ ಓಡುತ್ತಿರುವಾಗ ಎತ್ತಿಕೊಂಡು ತಿರುಗಬೇಡಿ. ಆದರೂ ಹತ್ತು ಸೆಕೆಂಡಿಗೆ ಒಂದು ಸಲ ತೀರಾ ಅತಿಯಾಯಿತು. ಗಂಟೆಗೆ 360. ದಿನಕ್ಕೆ ನಾಲ್ಕು ಗಂಟೆ ಅಂದರೂ 1,440. ಲ್ಯಾಪ್‌ಟಾಪ್ ಡಿಸ್ಕುಗಳಿಗೆ ಸಾಮಾನ್ಯವಾಗಿ 6 ಲಕ್ಷ ಸಲ ಅಂತ ಲೆಕ್ಕ ಕೊಟ್ಟಿರುತ್ತಾರೆ, ಹದಿನಾಲ್ಕು ತಿಂಗಳಲ್ಲಿ ಮುಗಿಯಿತು! ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಹಾಕಿ 193ನೇ ಸಾಲು ನೋಡಿ ಹೇಳಿ, ಇದುವರೆಗೆ ಎಷ್ಟು ಸಲ ಪಾರ್ಕ್ ಆಗಿದೆ ಅನ್ನೋದು ಅಲ್ಲಿರುತ್ತದೆ. ಏನೇ ಮಾಡುವ ಮೊದಲು ಫೋಟೋ ಗೀಟೋ ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ಹಾಂ, ಬಿ ದೊಡ್ಡಕ್ಷರದ್ದೇ ಇರಲಿ. ಚಿಕ್ಕ ಬಿ ಬೇರೆಯದೇ ಕೆಲಸದ್ದು.

ಗುಬ್ಬಿಗೂಡು
ನಾಚಿಕೆ ಆಗುತ್ತಿದೆ, ಎಕ್ಸಿಟ್ ಕೆಳಗೇ ಬರೆದಿದ್ದೆ. ಆ ಫೈಲ್ ಅಳಿಸಿ ಕಾಫಿಪುಡಿ ಹೇಳಿದ ಹಾಗೆ ಉದ್ದ ಹೆಸರು ಹಾಕಿದೆ. ರೀಸ್ಟಾರ್ಟ್ ಮಾಡಿದೆ, ಸದ್ದಿಲ್ಲ. 193ನೇ ಸಾಲಿನಲ್ಲಿ 2,14,318 ಇದೆ. ಆದರೆ ಮುಚ್ಚಳ ಮುಚ್ಚಿ ಊಟಕ್ಕೆ ಹೋಗಿ ಬಂದು ತೆರೆದರೆ ಮತ್ತೆ ಹಲ್ಲಿ ಶುರು!

ಕಾಫಿಪುಡಿ
ಸಸ್ಪೆಂಡ್ ಆದಾಗ ಡಿಸ್ಕಿಗೆ ಕರೆಂಟ್ ಹೋಗುತ್ತದಲ್ವಾ, ಎಚ್ಚರಾದಾಗ ತನ್ನ ಹಳೇ ನಂಬರಿಗೇ ಬರುತ್ತದೆ. ಸಿಸ್ಟಮ್‌ಡಿ ಒಳಗೆ ಸಿಸ್ಟಮ್-ಸ್ಲೀಪ್ ಅಂತ ಫೋಲ್ಡರ್ ಇದೆ. ಅಲ್ಲೊಂದು ಚಿಕ್ಕ ಸ್ಕ್ರಿಪ್ಟ್ ಇಡಿ. ಮಲಗುವಾಗ ಅದಕ್ಕೆ "ಪ್ರೀ" ಅಂತಲೂ ಏಳುವಾಗ "ಪೋಸ್ಟ್" ಅಂತಲೂ ಹೇಳಿ ಓಡಿಸುತ್ತದೆ. ಪೋಸ್ಟ್ ಬಂದಾಗ ಮಾತ್ರ ನಿಮ್ಮ ಕಮಾಂಡ್ ಓಡಲಿ. ಈ ಸಲ ಎಕ್ಸಿಕ್ಯೂಟ್ ಪರ್ಮಿಷನ್ ಮರೆಯಬೇಡಿ ಮಾರಾಯರೇ.

ಗುಬ್ಬಿಗೂಡು
ಆಯಿತು. ನಿನ್ನೆಯಿಂದ ನಾಲ್ಕು ಸಲ ಮುಚ್ಚಿ ತೆರೆದೆ. 193ನೇ ಸಾಲಿನಲ್ಲಿ ಈಗ 2,14,331.